ಜೀರ್ಣೋದ್ಧಾರದ ಕಾಯಕ

ಮಠಗಳ ಮಹೋತ್ಸವ ಸಂಪುಟಗಳಲ್ಲಿ ಪೂರ್ವದ ಗುರುಗಳ ಚರಿತ್ರೆ, ಮಹಾದ್ವಾರವನ್ನು ಕಟ್ಟಿಸಿದವರ ನಾಮಾವಳಿ, ದಾಸೋಹಕ್ಕೆ ಭೂಮಿಯಿತ್ತವರ ಸ್ಮರಣೆ ಇವುಗಳಿಗೆ ಅಗ್ರಸ್ಥಾನವು ದೊರೆಯುವದು ಯೋಗ್ಯವೇ ಸರಿ. ಆದರೆ ಆ ಮಹಾದ್ವಾರದ ಕದದ ಕೀಲು ಸವೆದಾಗ ಅದನ್ನು ಬದಲಿಸಿದವರಾರು, ದಾಸೋಹದ ಮನೆಯ ಮಾಳಿಗೆಯು ಸೋರಿದಾಗ ಏಣಿಯಿಟ್ಟು ಏರಿದವರಾರು, ಬಾವಿಯಲ್ಲಿ ಹೂಳು ತುಂಬಿದಾಗ ಹಗ್ಗಹಿಡಿದು ಇಳಿದವರಾರು ಎಂಬ ಸಂಗತಿಯು ಅಂಥ ಪುಟಗಳಲ್ಲಿ ದೊರೆಯುವದು ಅಪರೂಪ. ಕಟ್ಟಡವು ಒಂದೇ ಸಲ ಕಟ್ಟಲ್ಪಡುವದು. ದುರಸ್ತಿಯಾದರೋ ವರುಷವರುಷವೂ, ಮಳೆಗಾಲ ಬೇಸಿಗೆಯೆನ್ನದೆ, ನಡೆಯತಕ್ಕ ಕೆಲಸವು. ನೂರು ವರುಷದ ಮನೆಯೊಂದು ಇಂದಿಗೂ ನಿಂತಿರುವದಾದರೆ ಅದನ್ನು ಕಟ್ಟಿದ ಕೈಗಳು ಎಷ್ಟೋ ಅದಕ್ಕಿಂತ ಹೆಚ್ಚು ಕೈಗಳು ಅದನ್ನು ತಿದ್ದಿರಬೇಕು. ಆ ಕೈಗಳ ಇತಿಹಾಸವನ್ನು ಕುರಿತು ನಾಲ್ಕು ಮಾತುಗಳನ್ನು ಶ್ರೀಮಠದ ಸದ್ಭಕ್ತರ ಮುಂದೆ ಇಡುವದು ಈ ಲೇಖನದ ಉದ್ದೇಶವು.

ನಮ್ಮ ನಾಡಿನ ಶಾಸನಗಳನ್ನು ಓದಿದವರಿಗೆ ಒಂದು ಮಾತು ಪದೇಪದೇ ಕಣ್ಣಿಗೆ ಬೀಳುವದು. ದೇವಾಲಯಕ್ಕಾಗಲಿ ಮಠಕ್ಕಾಗಲಿ ಅರಸನು ಭೂಮಿಯನ್ನೋ ಸುಂಕದ ಆದಾಯವನ್ನೋ ಗಾಣದ ಎಣ್ಣೆಯನ್ನೋ ಬಿಟ್ಟುಕೊಡುವಾಗ ಅದರ ವಿನಿಯೋಗವನ್ನು ಅಲ್ಲಿ ವಿವರಿಸುವನು. ದೇವರ ಅಂಗಭೋಗ ರಂಗಭೋಗಗಳು, ತಪೋಧನರ ಆಹಾರದಾನ, ವಿದ್ಯಾದಾನ ಇವುಗಳ ಸಾಲಿನಲ್ಲಿಯೇ 'ಖಂಡಸ್ಫುಟಿತ ಜೀರ್ಣೋದ್ಧಾರ'ವೆಂಬ ಪದವು ಬರುವದು. ಖಂಡವೆಂದರೆ ಮುರಿದುದು, ಸ್ಫುಟಿತವೆಂದರೆ ಬಿರುಕುಬಿಟ್ಟುದು. ಕೆಲವೆಡೆಗಳಲ್ಲಿ ಹೊಸದಾಗಿ ಸುಣ್ಣ ಬಳಿಯುವ ಕೆಲಸವನ್ನು 'ನವಸುಧಾಕರ್ಮ'ವೆಂದು ಬೇರೆಯಾಗಿಯೇ ಹೇಳಿರುವದುಂಟು. ಎಂದರೆ ಆ ಕಾಲದ ದಾನಿಗೆ ತಾನು ಕಟ್ಟಿಸಿದ್ದು ಒಂದು ದಿನ ಬಿರುಕುಬಿಡುವದೆಂಬ ಎಚ್ಚರವು ಕಟ್ಟುವ ದಿನದಲ್ಲಿಯೇ ಇದ್ದಿತು. ಪೂಜೆಗೆ ಇಷ್ಟು, ಅನ್ನಕ್ಕೆ ಇಷ್ಟು, ಬಿರುಕಿಗೆ ಇಷ್ಟು ಎಂದು ಆದಾಯವನ್ನು ಮೊದಲೇ ಎತ್ತಿಡುತ್ತಿದ್ದನು. ಇಂದಿನ ದಾನಿಗಳಲ್ಲಿ ಎಷ್ಟು ಮಂದಿ ಹೀಗೆ ಎತ್ತಿಡುವರೆಂಬದನ್ನು ವಾಚಕರೇ ಎಣಿಸಿಕೊಳ್ಳಬಹುದು. ಶಿಲಾಫಲಕದ ಮೇಲೆ ಹೆಸರು ಕೆತ್ತಿಸಿ ಕೊಠಡಿಯನ್ನು ಕಟ್ಟಿಸುವವರು ನಮ್ಮಲ್ಲಿ ಬಹಳ. ಆ ಕೊಠಡಿಯ ಮೋರಿ ಕಟ್ಟಿದಾಗ ತೆಗೆಯಿಸಲು ನಿಧಿಯಿಡುವವರು ತೀರ ವಿರಳ.

ಬಳ್ಳಿಗಾವೆಯ ಕೋಡಿಯಮಠದ ಕೀರ್ತಿಯನ್ನು ನಮ್ಮವರು ಬಲ್ಲರು. ಬಿಜ್ಜಳನ ಕಾಲದ ಕ್ರಿ.ಶ. ೧೧೬೨ರ ಶಾಸನವು ಅದನ್ನು ನಾನಾ ಶಾಸ್ತ್ರಗಳ ವ್ಯಾಖ್ಯಾನಸ್ಥಾನವೆಂದೂ ದೀನರಿಗೆ ಅನಾಥರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ಕೊಡುವ ಸ್ಥಾನವೆಂದೂ ವರ್ಣಿಸುವದು. ಅದು ಕಾಳಾಮುಖರ ಮಠವು, ನಮ್ಮ ಪರಂಪರೆಯದಲ್ಲ. ಆದರೂ ಅದೇ ಬಿಜ್ಜಳನ ರಾಜಧಾನಿಯಾದ ಕಲ್ಯಾಣದಲ್ಲಿ ಅದೇ ದಶಕದಲ್ಲಿಯೇ ಅನುಭವ ಮಂಟಪವು ನಡೆಯುತ್ತಿದ್ದಿತೆಂಬದನ್ನು ನೆನೆದರೆ, ಒಂದೇ ಕಾಲದ ಎರಡು ಬಗೆಯ ಧರ್ಮಸಂಸ್ಥೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಂತಾಗುವದು.

ಶಾಸನಗಳಲ್ಲಿಯೇ ಮತ್ತೊಂದು ವಿಚಾರವುಂಟು. ಅನೇಕ ಶಾಸನಗಳ ಕಡೆಯಲ್ಲಿ ಬರುವ ಸಂಸ್ಕೃತ ಶ್ಲೋಕವೊಂದು ದಾನವನ್ನು ಕೊಡುವದಕ್ಕಿಂತಲೂ ಕೊಟ್ಟ ದಾನವನ್ನು ಪಾಲಿಸಿಕೊಂಡು ಬರುವದೇ ಶ್ರೇಷ್ಠವೆಂದು ಹೇಳುವದು. ಮುಂದಿನ ಅರಸರು ಹಿಂದಿನವರ ದತ್ತಿಯನ್ನು ಕಸಿದುಕೊಳ್ಳದಿರಲೆಂದು ಹೇಳಿದ ಮಾತು ಅದು. ಆದರೂ ಮನೆಯ ಯಜಮಾನನಿಗೂ ಅದು ಸಲ್ಲುವದೆಂದು ನನಗೆ ತೋರುವದು. ಯಾಕೆಂದರೆ ತಂದೆಯು ಕಟ್ಟಿಸಿದ ಮನೆಯನ್ನು ಕಾಯುವ ಮಗನ ಕೆಲಸವು ತಂದೆಯ ಕೆಲಸಕ್ಕಿಂತ ಕಡಿಮೆಯದೇನೂ ಅಲ್ಲ.

ಇಷ್ಟಾದರೂ ಈ ಶಾಸನಗಳಲ್ಲಿ ಒಂದು ಕೊರತೆಯಿದೆ. ಕಟ್ಟಿದ ಶಿಲ್ಪಿಗಳ ಹೆಸರುಗಳು ನಮಗೆ ಕೆಲವಾದರೂ ದೊರೆತಿರುವವು. ಪಟ್ಟದಕಲ್ಲಿನ ವಿರೂಪಾಕ್ಷಾಲಯವನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರು ಅಲ್ಲಿಯೇ ಕಲ್ಲಿನಲ್ಲಿದೆ. ಬೇಲೂರಿನ ವಿಗ್ರಹಗಳ ಅಡಿಯಲ್ಲಿ ಬಳ್ಳಿಗಾವೆಯ ದಾಸೋಜನೂ ಆತನ ಮಗ ಚಾವಣನೂ ತಮ್ಮ ಹೆಸರನ್ನು ಕೆತ್ತಿಕೊಂಡಿರುವರು. ಜೀರ್ಣೋದ್ಧಾರದ ಹಣವನ್ನು ಕೊಟ್ಟವರ ಹೆಸರು ಅದರ ಸ್ಥಳದಲ್ಲಿ ನಿಂತಿದೆ. ಆದರೆ ಆ ಹಣದಿಂದ ಬಿರುಕಿಗೆ ಗಾರೆ ತುಂಬಿದವನು, ವಾಲಿದ ಕಂಬಕ್ಕೆ ಆಸರೆ ಕೊಟ್ಟವನು ಯಾರೆಂದು ಕೇಳಿದರೆ ಶಾಸನವು ಸಾಮಾನ್ಯವಾಗಿ ಮೌನವನ್ನು ತಾಳುವದು.

ಈ ಮೌನವನ್ನು ಮುರಿದವರು ಕಲ್ಯಾಣದ ಶರಣರು. ಅವರ ಹೆಸರುಗಳನ್ನೇ ಒಂದು ಸಲ ಗಮನಿಸಿರಿ. ಬಾಚಿಕಾಯಕದ ಬಸವಯ್ಯ, ನುಲಿಯ ಚಂದಯ್ಯ, ಮೇದರ ಕೇತಯ್ಯ, ಸೂಜಿಕಾಯಕದ ರಾಮಿತಂದೆ, ಸಮಗಾರ ಹರಳಯ್ಯ, ಮಡಿವಾಳ ಮಾಚಯ್ಯ. ಬಾಚಿಯೆಂಬದು ಬಡಿಗನ ಕೈಯ ಸಲಕರಣೆ. ತೊಲೆಯನ್ನು ಕೆತ್ತುವದಕ್ಕೂ ಮುರಿದ ನೊಗವನ್ನು ತಿದ್ದುವದಕ್ಕೂ ಅದೇ ಬೇಕು. ನುಲಿಯೆಂದರೆ ಹುರಿಮಾಡಿದ ಹಗ್ಗ. ಬುಟ್ಟಿಯ ತಳ ಹೋದಾಗ, ಅಂಗಿಯ ಹೊಲಿಗೆ ಬಿಚ್ಚಿದಾಗ, ಕೆರವಿನ ಅಟ್ಟೆ ಕಿತ್ತಾಗ, ಬಟ್ಟೆಗೆ ಮಲಿನ ಹತ್ತಿದಾಗ ನಾವು ಯಾರ ಮನೆಯ ಬಾಗಿಲಿಗೆ ಹೋಗುವೆವೋ ಅವರ ಹೆಸರುಗಳೇ ಇವು. ಸಂಸಾರದಲ್ಲಿ ಸವೆದುದನ್ನು ಮತ್ತೆ ಬಳಕೆಗೆ ತರುವ ಉದ್ಯೋಗಗಳನ್ನು ಲೋಕವು ಕೀಳೆಂದು ಬಗೆದಿದ್ದಾಗ ಅದೇ ಉದ್ಯೋಗದ ಹೆಸರನ್ನು ಶರಣರು ತಮ್ಮ ಹೆಸರಿಗೆ ಮುಂಚಿತವಾಗಿ ಬಿರುದಿನಂತೆ ಧರಿಸಿದರು. ಅರಸರು ಗಂಡಭೇರುಂಡ, ಮಲೆಪರೊಳ್ಗಂಡ ಮೊದಲಾದ ಬಿರುದುಗಳನ್ನು ಧರಿಸುತ್ತಿದ್ದ ನಾಡು ಇದು ಎಂಬದನ್ನು ಮರೆಯಬಾರದು.

ಚಂದಯ್ಯನವರ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ವಿಸ್ತಾರವಾಗಿ ಬಂದಿದೆ. ಹಗ್ಗಕ್ಕೆ ಬೇಕಾದ ಹುಲ್ಲನ್ನು ಕೊಯ್ಯುತ್ತಿದ್ದಾಗ ಕೊರಳಿನ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದರೂ ಅವರು ಕಾಯಕವನ್ನು ಬಿಡಲಿಲ್ಲವೆಂದೂ ಲಿಂಗವೇ ಅವರನ್ನು ಹಿಂಬಾಲಿಸಿತೆಂದೂ ಕಥೆ. ಹಗ್ಗಕ್ಕೆ ಸಲ್ಲುವ ಬೆಲೆಗಿಂತ ಹೆಚ್ಚಿನ ಹಣವನ್ನು ಅವರು ಮುಟ್ಟಲಿಲ್ಲವೆಂದು ಪರಂಪರೆಯು ಹೇಳುವದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ತಂದಲ್ಲಿಗೇ ಸುರಿದು ಬರುವಂತೆ ಕಳುಹಿಸಿದುದೂ ಇದೇ ನೀತಿಯ ಮತ್ತೊಂದು ಮುಖವು. ದುರಸ್ತಿಯ ಉದ್ಯೋಗಕ್ಕೆ ಈ ನೀತಿಯು ಜೀವಾಳವಾದುದು. ಯಾಕೆಂದರೆ ಒಳಗಿನ ಕೆಡಕು ಯಜಮಾನನ ಕಣ್ಣಿಗೆ ಕಾಣಿಸದು. ಕೆಲಸಗಾರನು ಹೇಳಿದ್ದೇ ನಿಜವೆಂದು ನಂಬಬೇಕಾಗುವದು. ಒಂದು ಕೀಲು ಸಡಿಲಾಗಿದ್ದರೆ ಕದವೇ ಹೋಯಿತೆನ್ನುವವನೂ, ಬಡಿಗನು ಅರ್ಧ ದಿನ ಹೊತ್ತುಗಳೆದನೆಂದು ಸುಳ್ಳು ಹೇಳಿ ಕೂಲಿಯನ್ನು ಕಡಿಯುವ ಯಜಮಾನನೂ ಲಕ್ಕಮ್ಮನವರ ಎದುರಿನಲ್ಲಿ ಒಂದೇ ತಪ್ಪಿನವರು.

ಇಲ್ಲಿ ಒಂದು ಆಕ್ಷೇಪವು ಹುಟ್ಟುವದು ಸಹಜ. ನಿಂತ ಕಟ್ಟಡವು ಅಳಿಯುವಂಥದೆಂದೂ ಚೈತನ್ಯರೂಪಿಯಾದ ಜಂಗಮವೇ ಉಳಿಯುವಂಥದೆಂದೂ ಬಸವಣ್ಣನವರು ಬೋಧಿಸಿರಲು, ಗೋಡೆ ಮಾಳಿಗೆಗಳ ದುರಸ್ತಿಗೆ ಇಷ್ಟು ಮಹತ್ವವೇತಕ್ಕೆ? ಈ ಪ್ರಶ್ನೆಯನ್ನು ಸೊನ್ನಲಿಗೆಯ ಸಿದ್ಧರಾಮೇಶ್ವರರ ಚರಿತ್ರೆಯು ನಮಗಿಂತ ಮೊದಲೇ ಎತ್ತಿರುವದು. ಅವರು ಕೆರೆಯನ್ನು ಅಗೆಯಿಸುತ್ತ, ಗುಡಿಯನ್ನು ಕಟ್ಟಿಸುತ್ತ ಲೋಕೋಪಕಾರದಲ್ಲಿ ನಿರತರಾಗಿದ್ದಾಗ ಅಲ್ಲಮಪ್ರಭುಗಳು ಅಲ್ಲಿಗೆ ಬಂದು ಅವರನ್ನು 'ಒಡ್ಡ'ನೆಂದು ಕರೆದರು. ಮಣ್ಣು ಅಗೆದು ಕೆರೆ ಕಟ್ಟುವ ಉದ್ಯೋಗದವರ ಹೆಸರದು. ಶಿಷ್ಯರು ತಮ್ಮ ಗುರುವಿಗೆ ಅಪಮಾನವಾಯಿತೆಂದು ಸಿಟ್ಟಿಗೆದ್ದು ಪ್ರಭುಗಳ ಮೇಲೆ ಕಲ್ಲು ತೂರಿದರು. ಈ ಪ್ರಸಂಗವನ್ನು ವ್ಯಾಖ್ಯಾನಿಸುವವರು ಸಾಮಾನ್ಯವಾಗಿ ಬಾಹ್ಯಕರ್ಮದ ನಿಷೇಧವನ್ನೇ ಕಾಣುವರು. ನನಗಾದರೋ ಆ ಕಲ್ಲುಗಳ ಕಡೆಗೇ ದೃಷ್ಟಿ ಹೋಗುವದು. ಹಗಲೆಲ್ಲ ಮಣ್ಣು ಹೊತ್ತವರಿಗೆ ಮಣ್ಣು ಹೊರುವವನ ಹೆಸರೇ ಬೈಗುಳವಾಗಿ ಕೇಳಿಸಿದುದೇಕೆ? ಪುಣ್ಯವನ್ನು ಸಂಪಾದಿಸುವ ಕರ್ಮವೆಂದು ಮಾಡಿದಾಗ ಕೆಲಸವು ದೊಡ್ಡದಾಗಿ ತೋರಿತು, ಕೆಲಸಗಾರನು ಸಣ್ಣವನಾಗಿಯೇ ಉಳಿದನು. ಸಿದ್ಧರಾಮೇಶ್ವರರು ಪ್ರಭುಗಳೊಡನೆ ಕಲ್ಯಾಣಕ್ಕೆ ಬಂದು ನೋಡಿದ್ದು ಉದ್ಯೋಗದ ಹೆಸರು ಗೌರವದ ಹೆಸರಾದ ಒಂದು ಸಮಾಜವನ್ನು. ಇಂದು ಆ ಉದ್ಯೋಗದ ಪೂರ್ವಿಕರನ್ನುಳ್ಳ ಭೋವಿ ಸಮಾಜದವರು ಸಿದ್ಧರಾಮೇಶ್ವರರನ್ನೇ ತಮ್ಮ ಗುರುವೆಂದು ಪೂಜಿಸುವರು. ಸ್ಥಾವರವು ಅಳಿಯುವದು ನಿಜ. ಅದು ಅಳಿಯುವಂಥದಾದುದರಿಂದಲೇ ಅದಕ್ಕೆ ನಿತ್ಯವೂ ಜಂಗಮನ ಕೈ ಬೇಕಾಗುವದು.

ಈ ಗೌರವವು ಸುಲಭವಾಗಿ ದೊರೆತುದಲ್ಲ. ಹರಳಯ್ಯನವರ ಮನೆಗೂ ಮಧುವರಸರ ಮನೆಗೂ ನಡೆದ ಸಂಬಂಧವು ಕಲ್ಯಾಣದ ಅನಾಹುತಕ್ಕೆ ಕಾರಣವಾದುದನ್ನು ಭಕ್ತರಿಗೆ ಹೇಳಬೇಕಾದುದಿಲ್ಲ. ಕೆರವನ್ನು ತಿದ್ದುವವನೂ ಮಂತ್ರಿಯೂ ಬೀಗರಾಗಬಹುದೆಂಬ ಮಾತಿಗೆ ಶರಣರು ಪ್ರಾಣವನ್ನೇ ಬೆಲೆಯಾಗಿ ತೆತ್ತರು.

ಕೆರೆಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಿ ಮುಂದೆ ಹೋಗುವೆನು. ವಿಜಯನಗರದ ಮೊದಲನೆಯ ಬುಕ್ಕರಾಯನ ಮಗನಾದ ಭಾಸ್ಕರನು ಕ್ರಿ.ಶ. ೧೩೬೯ರಲ್ಲಿ ಇಂದಿನ ಆಂಧ್ರದ ಪೋರುಮಾಮಿಳ್ಳದಲ್ಲಿ ಕೆರೆಯನ್ನು ಕಟ್ಟಿಸಿ ಬರೆಯಿಸಿದ ಶಾಸನದಲ್ಲಿ ಸಾವಿರ ಮಂದಿ ಕೂಲಿಗಳೂ ನೂರು ಬಂಡಿಗಳೂ ಎರಡು ವರುಷ ದುಡಿದ ಲೆಕ್ಕವಿದೆ. ಅದರಲ್ಲಿ ಒಳ್ಳೆಯ ಕೆರೆಗೆ ಇರತಕ್ಕ ಹನ್ನೆರಡು ಅಂಗಗಳನ್ನೂ ಇರಬಾರದ ಆರು ದೋಷಗಳನ್ನೂ ಎಣಿಸಿ ಹೇಳಿದೆ. ಏರಿಯಿಂದ ನೀರು ಜಿನುಗುವದು ಆ ದೋಷಗಳಲ್ಲೊಂದು. ಕನ್ನಡ ಶಾಸನಗಳಲ್ಲಿ ಬರುವ 'ಬಿತ್ತುವಟ್ಟ'ವೆಂಬ ದತ್ತಿಯು ಕೆರೆಯ ಪೋಷಣೆಗೆಂದೇ ಬಿಟ್ಟುದು. ಕೆರೆಯನ್ನು ಕಟ್ಟಿ ಬಿಡುವದು ಸಾಲದು, ಅದನ್ನು ಸಾಕಬೇಕೆಂಬ ಭಾವವು ಆ ಜನರಿಗಿದ್ದಿತು. ದನಕರುಗಳಂತೆ ಕೆರೆಗೂ ಸಾಕುವವನು ಬೇಕು.

ಈಗ ನಮ್ಮ ಮನೆಗಳಿಗೆ ಬರೋಣ. ಬಯಲುಸೀಮೆಯ ಮಣ್ಣಿನ ಮಾಳಿಗೆಯ ಮನೆಯೆಂದರೆ ಮನೆಯವರೇ ದುರಸ್ತಿಮಾಡಿಕೊಳ್ಳತಕ್ಕ ಮನೆಯು. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಒತ್ತಾಗಿ ಹೊಂದಿಸಿದ ಕಟ್ಟಿಗೆಯ ತುಂಡು, ಅದರ ಮೇಲೆ ಸೊಪ್ಪು, ಅದರ ಮೇಲೆ ತುಳಿದು ಹದಮಾಡಿದ ಕೆಸರು, ಎಲ್ಲಕ್ಕೂ ಮೇಲೆ ಹಾಳುಮಣ್ಣು. ಹೊಲಕ್ಕೆ ಬಾರದ, ಪೈರು ಏಳದ ಕ್ಷಾರದ ಮಣ್ಣಿಗೆ ನಮ್ಮವರು ಹಾಳುಮಣ್ಣೆಂದು ಹೆಸರಿಟ್ಟರು. ಆದರೆ ಮಾಳಿಗೆಗೆ ಅದಕ್ಕಿಂತ ಉತ್ತಮವಾದ ಮಣ್ಣಿಲ್ಲ. ಕ್ಷಾರವುಳ್ಳ ಜೇಡಿಯು ನೀರು ಬಿದ್ದೊಡನೆ ಕದಡಿ ತನ್ನೊಳಗಿನ ಸೂಕ್ಷ್ಮರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುವದೆಂದು ಇಂದಿನ ಮಣ್ಣುಶಾಸ್ತ್ರಜ್ಞರು ವಿವರಿಸುವರು. ಬೆಳೆಯ ಬೇರಿಗೆ ನೀರನ್ನಿಳಿಸದ ಆ ದೋಷವೇ ಮಾಳಿಗೆಗೆ ಗುಣವಾಯಿತು. ಇದನ್ನು ಕಂಡುಹಿಡಿದ ಒಕ್ಕಲಿಗನು ಯಾವ ಪಾಠಶಾಲೆಗೂ ಹೋದವನಲ್ಲ.

ಮೃಗಶಿರೆಯ ಮಳೆಗೆ ಮುಂಚಿತವಾಗಿ ಈ ಮನೆಯ ಯಜಮಾನನಿಗೆ ಒಂದು ವಾರದ ಕೆಲಸವಿರುವದು. ಮಾಳಿಗೆಯ ಮೇಲೆ ಎದ್ದ ಹುಲ್ಲನ್ನು ಬೇರುಸಹಿತ ಕಿತ್ತು ತೆಗೆಯಬೇಕು. ಬೇರು ಒಣಗಿದ ದಾರಿಯಲ್ಲಿಯೇ ನೀರು ಇಳಿಯುವದು. ನೀರು ಹೋಗುವ ದೋಣಿಯ ಬಾಯನ್ನು ಬಿಡಿಸಬೇಕು. ಇಳುಕಲು ಸರಿಯಿದೆಯೆ ಎಂದು ಒಂದು ಕೊಡ ನೀರು ಸುರಿದು ನೋಡಬೇಕು. ತಗ್ಗಾದಲ್ಲಿ ಹೊಸ ಹಾಳುಮಣ್ಣನ್ನು ತೆಳ್ಳಗೆ ಹರಡಿ ಬಡಿಯಬೇಕು. ಇಲ್ಲಿ ಅವಸರದವರು ಮಾಡುವ ಅನರ್ಥವೊಂದುಂಟು: ಹಳೆಯದನ್ನು ಕೆರೆದು ತೆಗೆಯದೆ ವರುಷವರುಷವೂ ಹೊಸ ಮಣ್ಣನ್ನೇ ಹೇರುತ್ತ ಹೋಗುವದು. ಸೋರಿಕೆಯೇನೋ ನಿಲ್ಲುವದು, ಆದರೆ ಭಾರಕ್ಕೆ ಜಂತಿಯು ಬಾಗಿ, ಬಾಗಿದಲ್ಲಿ ನೀರು ನಿಂತು, ಕಡೆಗೆ ತೊಲೆಯೇ ಮುರಿಯುವದು. ದುರಸ್ತಿಯ ಹೆಸರಿನಿಂದ ಮನೆಯನ್ನು ಕೆಡವುವದೆಂದರೆ ಇದೇ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಇದೇ ಹೊತ್ತಿಗೆ ಹೆಂಚು ಕೈಯಾಡಿಸುವರು: ಒಡೆದುದನ್ನು ತೆಗೆದು, ಜರಿದುದನ್ನು ಕೂಡಿಸಿ, ಎಲೆಕಸವನ್ನು ಗುಡಿಸಿ, ಮತ್ತೆ ಸಾಲು ಹಚ್ಚುವರು.

ತನ್ನ ಕೈಯಿಂದ ಆಗದ ಕೆಲಸಕ್ಕೆ ಊರಿನ ಆಯಗಾರರಿದ್ದರು. ಕುಳ ಹಣಿಯುವ ಕಮ್ಮಾರನಿಗೂ, ಬಂಡಿಯ ಗಾಲಿಗೆ ಹೊಸ ಕೀಲು ಕೊಡುವ ಬಡಿಗನಿಗೂ ಸುಗ್ಗಿಯ ಕಣದಲ್ಲಿ ಧಾನ್ಯದ ಪಾಲು ಸಲ್ಲುತ್ತಿದ್ದಿತು. ಒಂದೊಂದು ಕೆಲಸಕ್ಕೆ ಒಂದೊಂದು ಬೆಲೆಯೆಂಬದಿರಲಿಲ್ಲ. ವರುಷವೆಲ್ಲ ಸಲಕರಣೆಗಳು ನಡೆಯುವಂತೆ ನೋಡಿಕೊಳ್ಳುವದೇ ಅವನ ಹೊಣೆ. ಹೀಗಿರುವದರಿಂದ ಬೇಗ ಮುರಿಯುವ ಕೆಲಸವನ್ನು ಮಾಡಿದರೆ ಅವನಿಗೇ ನಷ್ಟವು. ಈ ವ್ಯವಸ್ಥೆಯನ್ನು ಹೊಗಳಿ ಅಲ್ಲಿಗೇ ಬಿಡುವವರು ಇದ್ದಾರೆ. ನಾನು ಹಾಗೆ ಮಾಡಲಾರೆನು. ಆಯವು ಹುಟ್ಟಿಗೆ ಅಂಟಿಕೊಂಡಿತ್ತು. ಬಡಿಗನ ಮಗನು ಬಡಿಗನೇ. ಕಣದ ಅಂಚಿನಲ್ಲಿ ನಿಂತು ಪಾಲಿಗೆ ಕೈಯೊಡ್ಡುವಾಗ ಅವನಿಗಿದ್ದ ಸ್ಥಾನವು ಕಲ್ಯಾಣದಲ್ಲಿ ಬಾಚಿಕಾಯಕದ ಬಸವಯ್ಯನವರಿಗಿದ್ದ ಸ್ಥಾನವಾಗಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಿಚ್ಚಿದ ಗಂಟು ನಮ್ಮ ಹಳ್ಳಿಗಳಲ್ಲಿ ಮತ್ತೆ ಬಿದ್ದಿತ್ತೆಂಬದನ್ನು, ಕಾಯಕದ ಹೆಸರೆತ್ತುವ ನಾವು ಒಪ್ಪಿಕೊಳ್ಳಲೇಬೇಕು.

ಕ್ರಿ.ಶ. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರಖಾನೆಯನ್ನು ತೆಗೆದ ತರುವಾಯ ಮಂಗಳೂರು ಹೆಂಚು ನಾಡೆಲ್ಲ ಹರಡಿತು. ಒಂದಕ್ಕೊಂದು ಕಚ್ಚಿಕೊಂಡು ಕೂಡುವ ಆ ಹೆಂಚಿಗೆ ಕೈಯಾಡಿಸುವ ತೊಂದರೆಯು ಕಡಿಮೆಯಾಯಿತು. ಒಡೆದ ಒಂದನ್ನೇ ತೆಗೆದು ಇನ್ನೊಂದನ್ನು ಕೂಡಿಸಬಹುದಾಯಿತು. ಹೊಸದೆಲ್ಲ ಕೆಟ್ಟದ್ದಲ್ಲವೆಂಬದಕ್ಕೆ ಇದು ದೃಷ್ಟಾಂತವು. ಸಿಮೆಂಟಿನ ವಿಷಯದಲ್ಲಿ ನಾನು ಅಷ್ಟು ಧಾರಾಳವಾಗಿ ಹೇಳಲಾರೆನು. ಸಿಮೆಂಟು ಗಟ್ಟಿಯಾದುದೇ, ಆದರೆ ಹಳೆಯ ಮಠಗಳ ಗೋಡೆಗಳು ಗಾರೆಯವು. ಸುಣ್ಣದ ಕಲ್ಲನ್ನು ಸುಟ್ಟು, ನೀರು ಹಾಕಿ ಅರಳಿಸಿ, ಮರಳಿನೊಡನೆ ಕೂಡಿಸಿ, ಎತ್ತು ಕಟ್ಟಿದ ಕಲ್ಲಿನ ಗಾಲಿಯಿಂದ ಅರೆದು, ಬೆಲ್ಲದ ನೀರು ಅಳಲೆಕಾಯಿಯ ನೀರುಗಳನ್ನು ಬೆರೆಸಿ ಮಾಡಿದ ಗಾರೆಯ ಗೋಡೆಯು ಉಸಿರಾಡುವದು. ನೆಲದಿಂದ ಏರಿದ ತೇವವನ್ನು ಹೊರಗೆ ಬಿಡುವದು. ಸಣ್ಣ ಬಿರುಕುಗಳನ್ನು ಸುಣ್ಣವು ಕಾಲಕ್ರಮದಲ್ಲಿ ತಾನೇ ಕೂಡಿಸಿಕೊಳ್ಳುವದೂ ಉಂಟು. ಅಂಥ ಗೋಡೆಗೆ ಸಿಮೆಂಟಿನ ಗಿಲಾಯವನ್ನು ಮಾಡಿದರೆ ತೇವವು ಒಳಗೇ ಸಿಕ್ಕಿ, ಹೊರಗೆ ನುಣುಪಾಗಿ ಕಾಣುವ ಗೋಡೆಯು ಒಳಗಿಂದ ಪುಡಿಯಾಗುತ್ತ ಹೋಗುವದು. ಭಕ್ತಿಯಿಂದಲೇ, ಹಣವನ್ನು ಸುರಿದೇ, ಈ ಅಪಚಾರವು ಅನೇಕ ಹಳೆಯ ಗುಡಿಮಠಗಳಿಗೆ ಆಗಿದೆ. ತಿಳಿದ ಒಬ್ಬ ಗೌಂಡಿಯನ್ನು ಕೇಳಿದ್ದರೆ ಸಾಕಾಗಿತ್ತು. ಆದರೆ ಗಾರೆಯನ್ನು ಬಲ್ಲ ಗೌಂಡಿಗಳೇ ಈಗ ವಿರಳರು.

೨೦೦೯ರ ಅಕ್ಟೋಬರ ತಿಂಗಳ ಆರಂಭದಲ್ಲಿ ಬಿದ್ದ ಮಹಾವೃಷ್ಟಿಯಿಂದ ಆಗಿನ ಬಿಜಾಪುರ, ಬಾಗಲಕೋಟೆ, ರಾಯಚೂರು ಮೊದಲಾದ ಜಿಲ್ಲೆಗಳಲ್ಲಿ ಅಸಂಖ್ಯ ಮಣ್ಣಿನ ಮನೆಗಳು ಕುಸಿದವು, ಜನರೂ ಸತ್ತರು. ಹೊಳೆಯ ನೀರೇ ನುಗ್ಗಿದಲ್ಲಿ ಎಷ್ಟು ಕಾಳಜಿಯಿಂದ ನೋಡಿಕೊಂಡ ಮನೆಯೂ ನಿಲ್ಲಲಾರದು. ಅಲ್ಲಿ ಯಜಮಾನನನ್ನು ದೂರುವದು ಅನ್ಯಾಯ. ಆದರೆ ಮಳೆಯೊಂದರಿಂದಲೇ ಬಿದ್ದ ಮನೆಗಳ ಮಾತು ಬೇರೆ. ಮನೆಯ ಗಂಡಸರು ಕೂಲಿಗಾಗಿ ದೂರದ ಪಟ್ಟಣಗಳಿಗೆ ಹೋಗಿ, ವೃದ್ಧರು ಮಾತ್ರ ಉಳಿದ ಮನೆಗಳ ಮಾಳಿಗೆಯನ್ನು ಹತ್ತುವವರಾರು? ಹಾಳುಮಣ್ಣನ್ನು ಹೊತ್ತು ತರುವವರಾರು? ಆ ಊರುಗಳಲ್ಲಿ ಮಣ್ಣು ಕೆಟ್ಟಿರಲಿಲ್ಲ, ಮಣ್ಣಿನ ಕೆಲಸಕ್ಕೆ ಕೈಗಳು ಉಳಿದಿರಲಿಲ್ಲವೆಂಬದೇ ನನ್ನ ತಿಳುವಳಿಕೆ.

ಕೈಗಳನ್ನು ತಯಾರಿಸುವ ಪ್ರಯತ್ನಗಳು ನಡೆದಿಲ್ಲವೆಂದಲ್ಲ. ಭಾರತ ಸರಕಾರವು ೧೯೫೦ರಲ್ಲಿ ಕುಶಲಕರ್ಮಿಗಳ ತರಬೇತಿಯ ಯೋಜನೆಯನ್ನು ಆರಂಭಿಸಿತು, ಐ.ಟಿ.ಐ. ಎಂದು ನಾವು ಕರೆಯುವ ಶಾಲೆಗಳಲ್ಲಿ ಬಡಿಗತನ, ಬೆಸುಗೆ, ನಳದ ಕೆಲಸ, ವಿದ್ಯುತ್ತಿನ ಕೆಲಸಗಳನ್ನು ಜಾತಿಮತವೆಣಿಸದೆ ಕಲಿಸಲಾಗುವದು. ಸುತ್ತೂರು ಶ್ರೀಮಠದ ಆಶ್ರಯದಲ್ಲಿ ೧೯೫೪ರಲ್ಲಿ ಸ್ಥಾಪಿತವಾದ ಜೆ.ಎಸ್.ಎಸ್. ಮಹಾವಿದ್ಯಾಪೀಠವೇ ಮೊದಲಾಗಿ ನಮ್ಮ ಮಠಗಳ ಸಂಸ್ಥೆಗಳು ಇಂಥ ಉದ್ಯೋಗಶಿಕ್ಷಣವನ್ನು ಕೈಕೊಂಡಿರುವದು ಸಂತೋಷದ ಸಂಗತಿಯು. ಆದರೂ ನಮ್ಮ ಭಕ್ತರ ಮನೆಗಳಲ್ಲಿ ಬಸವಣ್ಣನವರ ಭಾವಚಿತ್ರದ ಕೆಳಗೆ ಕುಳಿತೇ ತಂದೆತಾಯಿಗಳು ಮಗನಿಗೆ, ಓದದಿದ್ದರೆ ನಳ ತಿದ್ದಲು ಹೋಗಬೇಕಾದೀತೆಂದು ಹೆದರಿಸುವದನ್ನು ಕೇಳಿದ್ದೇನೆ. ಆ ಮಾತನ್ನು ನಳ ತಿದ್ದಲು ಅದೇ ಮನೆಗೆ ಬಂದವನೂ ಕೇಳಿಸಿಕೊಂಡಿರುತ್ತಾನೆ. ಅವನು ಕಲ್ಲು ತೂರುವದಿಲ್ಲ. ತನ್ನ ಮಗನನ್ನು ಬೇರೆ ಉದ್ಯೋಗಕ್ಕೆ ಕಳಿಸುತ್ತಾನೆ, ಅಷ್ಟೆ.

ಗೃಹಸ್ಥನು ಎಲ್ಲ ಕೆಲಸವನ್ನೂ ತಾನೇ ಮಾಡಬೇಕೆಂದು ಹೇಳುವದು ಅತಿರೇಕ. ವಿದ್ಯುತ್ತಿನ ತಂತಿಯನ್ನು ಅರಿಯದೆ ಮುಟ್ಟಿದರೆ ಪ್ರಾಣಕ್ಕೇ ಅಪಾಯ. ಅಲ್ಲಿ ಬಲ್ಲವನನ್ನು ಕರೆಯಿಸುವದೇ ವಿವೇಕವು. ಆದರೆ ಕದದ ಅಗುಳಿಯನ್ನು ಕೂಡಿಸುವದು, ಸೋರುವ ನಳದ ಒಳಗಿನ ಸವೆದ ಬಿಲ್ಲೆಯನ್ನು ಬದಲಿಸುವದು, ಗೋಡೆಯ ಸಣ್ಣ ಸೀಳಿಗೆ ಸುಣ್ಣ ತುಂಬುವದು ಇವು ಒಂದು ಮುಂಜಾನೆಯಲ್ಲಿ ಕಲಿಯತಕ್ಕ ಕೆಲಸಗಳು. ತನ್ನ ಕೈಯಿಂದ ಒಂದು ಸಲ ಮಾಡಿ ನೋಡಿದವನು ಕೆಲಸಗಾರನ ಕೂಲಿಯನ್ನು ಕುರಿತು ಚೌಕಾಶಿ ಮಾಡಲಾರನು. ಒಂದು ಮೊಳೆಯನ್ನು ನೆಟ್ಟಗೆ ಹೊಡೆಯುವದು ಎಷ್ಟು ಕಷ್ಟವೆಂಬದು ಅವನ ಹೆಬ್ಬೆರಳಿಗೆ ಗೊತ್ತಿರುವದು.

ಈ ಬರಹದಲ್ಲಿ ಇದುವರೆಗೆ ಗಂಡಸರ ಮಾತೇ ಹೆಚ್ಚಾಗಿ ಬಂದಿತು. ಆದರೆ ಮನೆಯ ದುರಸ್ತಿಯಲ್ಲಿ ಹೆಚ್ಚಿನ ಪಾಲು ಹೆಂಗಸರದೇ. ಮಾಳಿಗೆಗೆ ವರುಷಕ್ಕೊಂದು ಸಲ ಏಣಿಯಿಟ್ಟರೆ, ನೆಲಕ್ಕೆ ವಾರವಾರವೂ ಸಾರಣೆಯಾಗಬೇಕು. ಸಗಣಿಯಿಂದ ಸಾರಿಸುವಾಗ ನೆಲದ ಬಿರುಕನ್ನು, ಗೋಡೆಯ ಬುಡದಲ್ಲಿ ಇಲಿ ತೋಡಿದ ಬಿಲವನ್ನು, ಗೆದ್ದಲು ಹತ್ತಿದ ಬಾಗಿಲುಪಟ್ಟಿಯನ್ನು ಮೊದಲು ಕಾಣುವವಳು ಅವಳು. ಹಬ್ಬದ ಮುಂಚೆ ಸುಣ್ಣಕೆಮ್ಮಣ್ಣುಗಳ ಕಾರಣೆಯನ್ನು ಮಾಡುವವಳೂ ಅವಳೇ. ಶರಣರ ಸಮೂಹದಲ್ಲಿ ಸತ್ಯಕ್ಕನವರ ಕಾಯಕವು ಭಕ್ತರ ಮನೆಯ ಅಂಗಳವನ್ನು ಗುಡಿಸುವದಾಗಿತ್ತು. ಕೊಟ್ಟಣದ ಸೋಮವ್ವೆಯವರದು ಧಾನ್ಯವನ್ನು ಕುಟ್ಟುವದು. ಅವರ ವಚನಗಳು ಓಲೆಗರಿಗಳಲ್ಲಿ, ಅವುಗಳನ್ನೂ ಒಂದು ಬಗೆಯ ಜೀರ್ಣೋದ್ಧಾರದಿಂದ ನಕಲುಮಾಡುತ್ತ ಬಂದ ಅಜ್ಞಾತ ಲಿಪಿಕಾರರ ದೆಸೆಯಿಂದ, ನಮ್ಮ ವರೆಗೆ ಬಂದಿರುವವು. ಫ. ಗು. ಹಳಕಟ್ಟಿಯವರು ಮನೆಮನೆಯ ಕಟ್ಟುಗಳನ್ನು ಹುಡುಕಿ ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸುವಾಗ ಆ ಗರಿಗಳಲ್ಲಿ ಎಷ್ಟೋ ಹುಳು ತಿಂದವು, ಅಂಚು ಮುರಿದವು. ಖಂಡಸ್ಫುಟಿತವೆಂಬ ಶಾಸನದ ಪದವು ಅವುಗಳಿಗೂ ಸಲ್ಲುತ್ತಿದ್ದಿತು. ಅಂಗಳ ಗುಡಿಸಿದ ಸತ್ಯಕ್ಕನವರ ಹೆಸರು ಅಂಥ ಗರಿಗಳಲ್ಲಿ ಉಳಿದು ಬಂದಿದೆ. ಆ ಅಂಗಳವಿದ್ದ ಮನೆಗಳನ್ನು ಕಟ್ಟಿಸಿದವರ ಹೆಸರನ್ನು ಯಾರೂ ಬರೆದಿಟ್ಟಿಲ್ಲ.